ಹೆಣ್ಣು ಗಿಳಿಗೆ ‘ಹೇಂಟೆ’ ಅನ್ನಬಹುದೇ?

ಎಲ್ಲರಿಗೂ ಕಲಬುರಗಿಯಿಂದ ನಮಸ್ಕಾರ.

ನಮ್ಮ ಮನೆಯಲ್ಲಿ ಒಂದು ಬಡ್ಜಿ ಗಿಳಿ ಇದೆ. ಆಸ್ಟ್ರೇಲಿಯಾ ಮೂಲದ ಪುಟ್ಟ ಹಕ್ಕಿ, ಅಂಗಡಿಯಲ್ಲಿ ‘ಲವ್ ಬರ್ಡ್ಸ್’ ಅಂತ ಮಾರುತ್ತಾರಲ್ಲ, ಅದು. ಮರಿಯಾಗಿದ್ದಾಗಲೇ ತಂದೆವು. ಮಗಳು ರಾಜಾ ಅಂತ ಹೆಸರಿಟ್ಟಳು. ಮೊನ್ನೆ ನೆರೆಮನೆಯ ಹಿರಿಯರು ನೋಡಿ, “ಇದು ಹೆಣ್ಣದ ನೋಡ್ರಿ” ಅಂದರು.

ಅವರು ತೋರಿಸಿದ್ದು ಕೊಕ್ಕಿನ ಬುಡದಲ್ಲಿ, ಮೂಗಿನ ತೂತುಗಳ ಸುತ್ತ ಇರುವ ಮೆತ್ತನೆಯ ಉಬ್ಬನ್ನು. ಬಲಿತ ಗಂಡಿಗೆ ಅದು ಸಾಮಾನ್ಯವಾಗಿ ನೀಲಿ, ಹೆಣ್ಣಿಗೆ ಕಂದು. ಮರಿಗಳಲ್ಲಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಗುಲಾಬಿ ಬಣ್ಣ. ಇಂಗ್ಲಿಷಿನಲ್ಲಿ ಇದಕ್ಕೆ ‘ಸೀರ್’ ಅನ್ನುತ್ತಾರೆ. ಮೇಣ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ಕನ್ನಡದಲ್ಲಿ ಏನು? ಪಾರಿವಾಳಕ್ಕೂ ಈ ಉಬ್ಬು ಇರುತ್ತದೆ, ಅದೂ ಬೆಳ್ಳಗೆ ಎದ್ದು ಕಾಣುವಂಥದ್ದು. ಪಾರಿವಾಳ ಸಾಕುವವರು ಇದಕ್ಕೊಂದು ಹೆಸರು ಇಟ್ಟುಕೊಂಡೇ ಇರಬೇಕು ಅಂತ ನನಗೆ ಅನ್ನಿಸುತ್ತದೆ. ಸದ್ಯಕ್ಕೆ ಮನೆಯಲ್ಲಿ ‘ಮೂಗುಬ್ಬು’ ಅನ್ನುತ್ತಿದ್ದೇವೆ.

ಹೊಲಕ್ಕೆ ಬರುವ ನಮ್ಮ ಗಿಣಿಗೆ ಮಾತ್ರ ಒಳ್ಳೆಯ ಪದವಿದೆ. ಬಲಿತ ಗಂಡಿನ ಕೊರಳಲ್ಲಿ ಕಪ್ಪು, ಗುಲಾಬಿ ಗೆರೆ ಮೂಡುತ್ತದಲ್ಲ, ಅದಕ್ಕೆ ನಮ್ಮವ್ವ ‘ಕಂಠಿ’ ಅನ್ನುತ್ತಿದ್ದಳು. ಕೊರಳಿಗೆ ಹಾಕುವ ಸರಕ್ಕೂ ಅದೇ ಮಾತು. (ಈ ಗಿಣಿಯನ್ನು ಹಿಡಿದು ಸಾಕಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ.)

ಈಗ ನನ್ನ ಮುಖ್ಯ ಪ್ರಶ್ನೆ. ಕೋಳಿಯಲ್ಲಿ ಹುಂಜ, ಹೇಂಟೆ. ಆಡಿನಲ್ಲಿ ಹೋತ. ಕುರಿಯಲ್ಲಿ ಟಗರು. ಎಮ್ಮೆಗೆ ಕೋಣ. ಗಿಳಿಗೆ ಬಂದರೆ ಬರೀ ‘ಗಂಡುಗಿಳಿ’, ‘ಹೆಣ್ಣುಗಿಳಿ’. ಮೊಟ್ಟೆ, ಹಾಲು, ಮರಿಗಾಗಿ ಸಾಕಿದ ಪ್ರಾಣಿಗಳಲ್ಲಿ ಗಂಡು ಹೆಣ್ಣು ತಿಳಿಯಲೇಬೇಕಿತ್ತು, ಅದಕ್ಕೇ ಬೇರೆ ಹೆಸರು ಹುಟ್ಟಿದವು ಅಂತ ನನ್ನ ಊಹೆ. ಆದರೂ ‘ಹೇಂಟೆ’ ಕೋಳಿಗಷ್ಟೇ ಮೀಸಲೋ, ಬೇರೆ ಹೆಣ್ಣು ಹಕ್ಕಿಗೂ ಸಲ್ಲುತ್ತದೋ? ಬೀದರ್, ಯಾದಗಿರಿ ಕಡೆಯ ಹಿರಿಯರ ಬಾಯಲ್ಲಿ ಕೇಳಿದವರಿದ್ದರೆ ದಯವಿಟ್ಟು ಬರೆಯಿರಿ.

ಪಕ್ಕದ ಮನೆಯಲ್ಲಿ ಉರ್ದು ಮಾತಾಡುತ್ತಾರೆ. ಅವರಿಗೆ ಹಕ್ಕಿ ಗಂಡಾಗಲಿ ಹೆಣ್ಣಾಗಲಿ, ತೋತಾ (ಗಿಳಿ) ಯಾವಾಗಲೂ ‘ಬೋಲ್ತಾ ಹೈ’ (ಮಾತಾಡುತ್ತಾನೆ), ಮೈನಾ ಯಾವಾಗಲೂ ‘ಬೋಲ್ತೀ ಹೈ’ (ಮಾತಾಡುತ್ತಾಳೆ). ನಮ್ಮಲ್ಲಿ ಎರಡೂ ‘ಮಾತಾಡುತ್ತದೆ’. ಹಾಗಾಗಿ ರಾಜಾ ಹೆಣ್ಣು ಅಂತ ಗೊತ್ತಾದ ಮೇಲೂ ನಾವು ಒಂದು ಕ್ರಿಯಾಪದವನ್ನೂ ಬದಲಿಸಬೇಕಾಗಲಿಲ್ಲ. ಮಗಳು ಮಾತ್ರ ನಿನ್ನೆಯಿಂದ “ರಾಜಾ ಕಾಳು ತಿಂದಳು” ಅನ್ನುತ್ತಿದ್ದಾಳೆ.