ಡಿಸ್ಲೆಕ್ಸಿಯಾ: ಒತ್ತು ಬಿಟ್ಟು ಓದುವುದಕ್ಕೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಪ್ರೈಮರಿ ಶಾಲೆಯ ಮೇಷ್ಟ್ರು, ಟೀಚರುಗಳಿಗಾಗಿ ಡಿಸ್ಲೆಕ್ಸಿಯಾ (ಬುದ್ಧಿ ಸರಿಯಿದ್ದೂ ಓದುವುದು, ಬರೆಯುವುದು ಕಷ್ಟವಾಗುವ ತೊಡಕು) ಬಗ್ಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಲಕ್ಷಣಗಳ ಪಟ್ಟಿ ಯಾವುದನ್ನು ತೆಗೆದರೂ ಮೊದಲಿಗೇ 'ಬಿ'ಯನ್ನು 'ಡಿ' ಅಂತ ಓದುವ ಮಗು ಎದುರಾಗುತ್ತದೆ. ಇಂಗ್ಲಿಷ್‌ಗೆ ಅದು ಸರಿ. ಕನ್ನಡದಲ್ಲಿ ಹಾಗೆ ಎಡಬಲ ತಿರುಗಿಸಿದ ಜೋಡಿ ಅಕ್ಷರ ಎಲ್ಲಿದೆ?

ನಮ್ಮ ಮಕ್ಕಳು ಎಡವುವ ಜಾಗವೇ ಬೇರೆ. 'ಪುಸ್ತಕ' ಹೋಗಿ 'ಪುಸಕ' ಆಗುತ್ತದೆ, 'ಕೋಳಿ' ಹೋಗಿ 'ಕೊಳಿ'. ಅರ್ಕಾವೊತ್ತಿನದಂತೂ ದೊಡ್ಡ ಪೀಕಲಾಟ. 'ಸೂರ್ಯ' ಬರೆಯುವಾಗ ಅದು 'ಯ' ಆದಮೇಲೆ ಬರುತ್ತದೆ, ಓದುವಾಗ 'ಯ'ಕ್ಕಿಂತ ಮೊದಲು! ಇವೆಲ್ಲ ಕಲಿಯುವ ಎಲ್ಲ ಮಕ್ಕಳೂ ಮಾಡುವ ತಪ್ಪುಗಳೇ. ಜೊತೆಯವರು ದಾಟಿ ಹೋದಮೇಲೂ ಒಂದು ಮಗು ಅಲ್ಲೇ ನಿಂತಿದ್ದರೆ ಗಮನ ಕೊಡಬೇಕು. ಕತೆಯನ್ನು ಬಾಯಲ್ಲಿ ಸೊಗಸಾಗಿ ಹೇಳುವ ಹುಡುಗಿ, ಅದನ್ನೇ ಓದು ಅಂದರೆ ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತಾಳೆ. ಬೋರ್ಡಿನಿಂದ ಎರಡು ಸಾಲು ಇಳಿಸಿಕೊಳ್ಳುವಷ್ಟರಲ್ಲಿ ಬೆಲ್ ಹೊಡೆದಿರುತ್ತದೆ.

'ಹಾಲು' ಬದಲು 'ಆಲು' ಅನ್ನುವುದನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬಾರದು. ಅದು ಮನೆಮಾತು. ದ-ಧ ಗೊಂದಲವೂ ಅಷ್ಟೆ, ದೊಡ್ಡವರೇ ಅದರಿಂದ ಪಾರಾಗಿಲ್ಲ ಅಲ್ವಾ?

ಇನ್ನು ಹೆಸರಿನ ವಿಚಾರ. 'ಪದಾಂಧತೆ' ನನಗೆ ಬೇಡ. 1896ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಪ್ರಿಂಗಲ್ ಮಾರ್ಗನ್ ಇಂಥ ಒಬ್ಬ ಹುಡುಗನ ಬಗ್ಗೆ ಬರೆದಾಗ ಬಳಸಿದ ಹೆಸರಿನ ಅನುವಾದ ಅದು. ತೊಂದರೆ ಕಣ್ಣಿನದಲ್ಲ, ಸದ್ದನ್ನೂ ಅಕ್ಷರವನ್ನೂ ಹೊಂದಿಸುವುದರಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 'ನಿರ್ದಿಷ್ಟ ಕಲಿಕಾ ನ್ಯೂನತೆ' ತೀರಾ ಅಗಲ. ಅದರಲ್ಲಿ ಲೆಕ್ಕದ ತೊಡಕೂ ಬರುತ್ತದೆ. 'ನಿಧಾನ ಕಲಿಕೆ' ಅಂದರೆ ತಪ್ಪೇ, ಈ ಮಕ್ಕಳ ಬುದ್ಧಿಗೆ ಏನೂ ಆಗಿಲ್ಲ. ಸದ್ಯಕ್ಕೆ ಡಿಸ್ಲೆಕ್ಸಿಯಾ ಅಂತಲೇ ಇಟ್ಟು, ಪಕ್ಕದಲ್ಲಿ 'ಓದಿನ ತೊಡಕು' ಅಂತ ಬರೆದಿದ್ದೇನೆ.

ನಿಮ್ಮಿಂದ ಬೇಕಾಗಿರುವುದು ತರಗತಿಯ ಮಾತು. ನಮ್ಮ ಕಡೆ 'ಒತ್ತು ನುಂಗ್ತಾನೆ' ಅಂತಾರೆ. ಧಾರವಾಡ, ಕಲಬುರಗಿ, ಮಂಗಳೂರಿನ ಕಡೆ? ಅಂದಾಜಿನ ಮೇಲೆ ಓದುವುದಕ್ಕೆ, ಸಾಲು ತಪ್ಪಿ ಕೆಳಗಿನ ಸಾಲಿಗೆ ಜಾರುವುದಕ್ಕೆ ಏನಾದರೂ ಮಾತಿದೆಯೇ? ಬೈಗುಳದ ಮಾತಾದರೆ ಅದು ಬೈಗುಳ ಅಂತ ಒಂದು ಗುರುತು ಹಾಕಿ ಕಳಿಸಿ.