ಆಂಗ್ಸೈಟಿಗೆ ‘ಆತಂಕ’ ಸಾಕೇ? ಜೊತೆಗೆ ‘ಅನ್ನಿಸು’ ಬಗ್ಗೆ ಒಂದು ಮಾತು

ಗೆಳೆಯರೇ,

ಮನಸ್ಸಿನ ತೊಂದರೆಗೆ ಮಾತಿನ ಚಿಕಿತ್ಸೆ, ಅಂದರೆ ಥೆರಪಿಗೆ ಬರುವವರ ಕೈಗೆ ಕೊಡುವ ಒಂದು ಚಿಕ್ಕ ಪುಸ್ತಿಕೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ವಿಷಯ ಆಂಗ್ಸೈಟಿ. ಮೊದಲ ಪುಟದಲ್ಲೇ ಸಿಕ್ಕಿಬಿದ್ದಿದ್ದೇನೆ.

ನಿಘಂಟು ತೆರೆದರೆ ಉತ್ತರ ಸಿದ್ಧವಾಗಿದೆ: ಆತಂಕ. ಆದರೆ ಈ ಪದ ಹೊರಗಿನ ಸಂಗತಿಗೇ ಜಾಸ್ತಿ ಅಂಟಿಕೊಂಡಿದೆ. ‘ಅಡ್ಡಿ ಆತಂಕವಿಲ್ಲದೆ ಕೆಲಸ ಮುಗಿಯಿತು’ ಅನ್ನುವಾಗ ಆತಂಕ ಅಂದರೆ ತಡೆ, ಅಷ್ಟೇ. ‘ಬೆಲೆ ಏರಿಕೆ: ಜನರಲ್ಲಿ ಆತಂಕ’ ಅಂತ ಪತ್ರಿಕೆ ಬರೆದರೆ ಅಲ್ಲಿ ಕಣ್ಣಿಗೆ ಕಾಣುವ ಕಾರಣವೊಂದಿದೆ. ಬೆಳಿಗ್ಗೆ ಎದ್ದ ಕೂಡಲೇ ಸುಮ್ನೆ ಎದೆ ಡವಡವ ಅನ್ನುತ್ತದಲ್ಲ, ಅದನ್ನು ಯಾರಾದರೂ ‘ನನಗೆ ಆತಂಕ’ ಅನ್ನುತ್ತಾರಾ? ನಾನಂತೂ ಕೇಳಿಲ್ಲ. ‘ಏನೋ ಒಂಥರಾ ಆಗ್ತಿದೆ’ ಅನ್ನುತ್ತಾರೆ. ಇಲ್ಲವೇ ಎಲ್ಲದಕ್ಕೂ ಒಂದೇ ಪದ, ಟೆನ್ಷನ್.

ನಾನೂ ಹಾಗೇ ಅಂದವನು. ಒಂದು ಕಾಲಕ್ಕೆ ಫೋನ್ ರಿಂಗಾದರೆ ಸಾಕು, ಕೈ ತಣ್ಣಗಾಗುತ್ತಿತ್ತು. ಥೆರಪಿಗೆ ಹೋದ ಮೊದಲ ದಿನ ‘ತುಂಬಾ ಟೆನ್ಷನ್ ಮೇಡಂ’ ಅಂದೆ. ‘ಟೆನ್ಷನ್ ಆದಾಗ ಏನಾಗುತ್ತೆ? ಎಲ್ಲಿ ಆಗುತ್ತೆ?’ ಅಂತ ಕೇಳಿದರು. ಎಲ್ಲಿ ಅಂತ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಗಂಟಲು ಮುಟ್ಟಿ ತೋರಿಸಿದೆ. ‘ಇಲ್ಲಿ ಯಾರೋ ಹಿಸುಕಿದ ಹಾಗೆ.’ ಎಷ್ಟೋ ದಿನದ ಮೇಲೆ ಗೊತ್ತಾಯಿತು, ಆಂಗ್ಸೈಟಿ ಪದದ ಬೇರೂ ಅದೇ ಜಾಗದಲ್ಲಿದೆ! ಲ್ಯಾಟಿನ್‌ನ ‘ಆಂಗೆರೆ’ ಅಂದರೆ ಹಿಸುಕು, ಬಿಗಿ. ಜರ್ಮನ್‌ನ ‘ಆಂಗ್ಸ್ಟ್’ ಕೂಡ ಇದೇ ಬಳಗದ್ದು. ಆ ಜಾಡು ಹಿಡಿದು ನಮ್ಮ ‘ಇಕ್ಕಟ್ಟು’ ಬಳಸೋಣ ಅಂತ ಆಸೆಪಟ್ಟೆ. ಆದರೆ ಇಕ್ಕಟ್ಟಿಗೆ ಸಿಕ್ಕವನಿಗೆ ಯಾವ ಕಡೆ ಹೋಗಲಿ ಅನ್ನುವ ಸಮಸ್ಯೆ. ಇದು ಅದಲ್ಲ. ಕೈಬಿಟ್ಟೆ.

ಪದಗಳನ್ನು ಬಿಡಿಸಿಡುವುದು ಯಾಕೆ ಮುಖ್ಯ ಅಂದರೆ ಥೆರಪಿಯ ಮೊದಲ ಕೆಲಸವೂ ಅದೇ. ‘ಹೀಗಾದರೆ? ಆಮೇಲೆ ಹಾಗಾದರೆ?’ ಅಂತ ತಲೆಯೊಳಗೆ ಮಾತು ಸುತ್ತುತ್ತಿದ್ದರೆ ಅದು ಚಿಂತೆ. ಒಮ್ಮೆಲೇ ಉಸಿರು ಸಿಕ್ಕಿಕೊಂಡು, ಕೆಲವೇ ನಿಮಿಷಗಳಲ್ಲಿ ನೆತ್ತಿಗೇರಿ, ಸತ್ತೇ ಹೋಗುತ್ತೇನೆ ಅನ್ನಿಸಿದರೆ ಅದು ಗಾಬರಿ. ಮೈಯಲ್ಲಿ ಆಗುವುದನ್ನು ತಪ್ಪಾಗಿ ಓದಿಕೊಳ್ಳುವುದರಿಂದಲೇ ಗಾಬರಿ ಏರುತ್ತದೆ ಅಂತ 1986ರಲ್ಲಿ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ವಿವರಿಸಿದರು. ಎದೆಬಡಿತ ಜೋರಾಗುತ್ತದೆ, ‘ಹಾರ್ಟ್ ಅಟ್ಯಾಕ್’ ಅಂದುಕೊಳ್ಳುತ್ತೇವೆ, ಹಾಗಂದುಕೊಂಡಿದ್ದಕ್ಕೇ ಬಡಿತ ಇನ್ನೂ ಜೋರಾಗುತ್ತದೆ. ಚಿಂತೆಗೆ ಮಾಡುವ ಉಪಾಯ ಗಾಬರಿಗೆ ಆಗುವುದಿಲ್ಲ. ಎರಡನ್ನೂ ಟೆನ್ಷನ್ ಅಂದರೆ ಉಪಾಯ ಹುಡುಕುವುದಾದರೂ ಹೇಗೆ?

ಇನ್ನು ಹೆದರಿಕೆ. ಇದಕ್ಕೆ ವ್ಯಾಕರಣವೇ ಗೆರೆ ಹಾಕಿದೆ. ‘ಹೆದರು’ ಅಂದ ಕೂಡಲೇ ‘ಯಾವುದಕ್ಕೆ?’ ಅನ್ನುವ ಪ್ರಶ್ನೆ ಬರುತ್ತದೆ. ನಾಯಿಗೆ, ಕತ್ತಲಿಗೆ. ‘ಕಳವಳ ಆಗ್ತಿದೆ’ ಅಂದರೆ ಅಲ್ಲಿಗೇ ಮಾತು ಮುಗಿಯಿತು, ಯಾವುದಕ್ಕೆ ಅಂತ ಹೇಳಲೇಬೇಕಿಲ್ಲ. ಹಾಗಾಗಿ ನನ್ನ ಒಲವು ಕಳವಳದ ಕಡೆಗೆ. ಡಾಕ್ಟರು ಕಾಯಿಲೆಯ ಹೆಸರಾಗಿ ಹೇಳುವಾಗ, ಅಂದರೆ 6 ತಿಂಗಳಾದರೂ ಬಿಡದೆ ಹೆಚ್ಚಿನ ದಿನಗಳಲ್ಲಿ ಕಾಡುವಂಥದ್ದಕ್ಕೆ, ‘ಆತಂಕದ ಕಾಯಿಲೆ’ ಇರಲಿ. ಒಳಗೆ ಆಗುವ ಅನುಭವಕ್ಕೆ ಕಳವಳ. ತಳಮಳವೂ ಆದೀತು, ಆದರೆ ಅದರಲ್ಲಿ ಹೊಟ್ಟೆ ಸ್ವಲ್ಪ ಜಾಸ್ತಿ ಸೇರಿಕೊಂಡಿದೆ, ಅಲ್ವಾ?

ನಾನು ಹೆಚ್ಚು ಹೊತ್ತು ಕೂತಿದ್ದು ಇನ್ನೊಂದು ಕಡೆ. 1960ರ ದಶಕದಲ್ಲಿ ಮನೋವೈದ್ಯ ಆರನ್ ಬೆಕ್ ಗಮನಿಸಿದ್ದೇನೆಂದರೆ, ಜನರ ತಲೆಯಲ್ಲಿ ತಾನಾಗಿಯೇ ಹೊಳೆದು ಹೋಗುವ ಯೋಚನೆಗಳಿರುತ್ತವೆ, ಅವು ನಿಜವೋ ಸುಳ್ಳೋ ಅಂತ ಯಾರೂ ನಿಂತು ನೋಡುವುದಿಲ್ಲ. ಥೆರಪಿಯಲ್ಲಿ ನಿಂತು ನೋಡುವುದನ್ನು ಕಲಿಸುತ್ತಾರೆ. ಪುಸ್ತಿಕೆಯಲ್ಲಿ ಇದಕ್ಕೊಂದು ವಾಕ್ಯವಿದೆ. ನೇರವಾಗಿ ತಂದರೆ ‘ನಾನು ಸೋಲುತ್ತೇನೆ ಎಂಬ ಆಲೋಚನೆಯನ್ನು ನಾನು ಹೊಂದಿದ್ದೇನೆ’ ಅಂತಾಗುತ್ತದೆ. ಓದಿದವರಿಗೆ ಕಳವಳ ಹೆಚ್ಚಾಗುವುದು ಖಂಡಿತ! ನಮ್ಮಲ್ಲಿ ಇದಕ್ಕೆ ಪುಟ್ಟ ಕ್ರಿಯಾಪದವೇ ಇದೆ: ಅನ್ನಿಸು. ‘ಸೋಲ್ತೀನಿ’ ಬೇರೆ, ‘ಸೋಲ್ತೀನಿ ಅನ್ನಿಸ್ತಿದೆ’ ಬೇರೆ. ಥೆರಪಿಯಲ್ಲಿ ಯೋಚನೆಗಳನ್ನು ಬರೆದಿಡುವ ನನ್ನ ಹಾಳೆಯಲ್ಲಿ ‘ಫೋನ್ ಎತ್ತಿದರೆ ಬೈತಾರೆ’ ಅಂತ ಬರೆದಿದ್ದೆ. ಮೇಡಂ ಪೆನ್ಸಿಲ್ ತೆಗೆದುಕೊಂಡು ಕೊನೆಗೆ ‘ಅನ್ನಿಸುತ್ತೆ’ ಸೇರಿಸಿದರು. ಪಕ್ಕದಲ್ಲಿ ಬರೆಯಲು, ಆ ಮಾತಿನ ಮೇಲೆ ನೂರಕ್ಕೆ ಎಷ್ಟು ನಂಬಿಕೆ ಅಂತ ಕೇಳಿದರು. 80 ಅಂದೆ. ಫೋನ್ ಎತ್ತಿದೆ. ಬೈಯಲಿಲ್ಲ, ರಾಂಗ್ ನಂಬರ್.

‘ನನಗೆ ಗಾಬರಿ ಆಗ್ತಿದೆ’ ಅನ್ನುವ ರಚನೆಯೂ ಹಾಗೇ. ಗಾಬರಿ ಬಂದು ನನಗೆ ಆಗುತ್ತದೆ, ನಾನೇ ಗಾಬರಿಯಲ್ಲ. ಇಷ್ಟು ಚೆನ್ನಾದ ‘ನನಗೆ’ ಇರುವಾಗ ‘ನಾನು ಆತಂಕಿತನಾಗಿದ್ದೇನೆ’ ಅಂತ ಬರೆಯುವುದು ಯಾಕೆ?

ಇನ್ನು ಮ್ಯಾನೇಜ್ ಮಾಡುವುದಕ್ಕೆ ‘ನಿಯಂತ್ರಿಸು’ ಬೇಡ. ಅದುಮಿಟ್ಟಷ್ಟೂ ಕಳವಳ ಹೆಚ್ಚುತ್ತದೆ ಅನ್ನುವುದೇ ಪುಸ್ತಿಕೆಯ ಮಾತು. ‘ನಿಭಾಯಿಸು’ ಸರಿ ಕಾಣುತ್ತದೆ.

ಈಗ ನಿಜವಾದ ತೊಡಕು, ಎಕ್ಸ್‌ಪೋಷರ್, ಅಂದರೆ ಭಯಪಡುವ ಸಂಗತಿಯ ಹತ್ತಿರ ಬೇಕೆಂದೇ ಹೋಗುವ ಅಭ್ಯಾಸ. ಭಯಪಡುವ ಸಂಗತಿಗಳನ್ನು ಏಣಿಯ ಮೆಟ್ಟಿಲಂತೆ ಜೋಡಿಸಿ, ಮೈ ಸಡಿಲ ಬಿಟ್ಟು, ಕೆಳಗಿನಿಂದ ಒಂದೊಂದೇ ಹತ್ತುವ ಕ್ರಮವನ್ನು ಮನೋವೈದ್ಯ ಜೋಸೆಫ್ ವೋಲ್ಪೆ 1958ರಲ್ಲಿ ವಿವರಿಸಿದರು. ಭಯವನ್ನು 0ಯಿಂದ 100ರವರೆಗೆ ಅಳೆಯುವ ರೂಢಿಯೂ ಅವರಿಂದಲೇ ಬಂದದ್ದು. ಈಗ ಸಡಿಲ ಬಿಡುವ ಭಾಗವಿಲ್ಲದೆಯೂ ಮಾಡಿಸುತ್ತಾರೆ. ‘ಒಡ್ಡಿಕೊಳ್ಳುವುದು’ ಅಂತ ಬರೆದು ನೋಡಿದೆ. ಚಳಿಗೆ ಮೈ ಒಡ್ಡಿದ ಹಾಗೆ, ಬರೀ ಸಹಿಸುವ ಧ್ವನಿ. ‘ಎದುರಿಸುವುದು’ ಅಂದರೆ ಯುದ್ಧವೇ ಬಂತು. ಇಲ್ಲಿರುವುದು ಮತ್ತೆ ಮತ್ತೆ ಹತ್ತಿರ ಹೋಗಿ, ಅಂದುಕೊಂಡಿದ್ದು ಆಗಲಿಲ್ಲವಲ್ಲ ಅಂತ ಕಂಡುಕೊಳ್ಳುವುದು. ‘ಪಳಗುವುದು’ ಅಂದರೆ ಹೇಗೆ? ಪ್ರಾಣಿಗಳ ನೆನಪಾಗುತ್ತದೆಯೇ?

ಇನ್ನೊಂದು. ಫೋನ್ ಮಾಡುವ ಮುಂಚೆ ನಾನು ಆಡಬೇಕಾದ ಮಾತನ್ನೆಲ್ಲ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಮಾತು ಸಲೀಸಾಗಿ ಮುಗಿದರೆ ಚೀಟಿಯಿಂದಲೇ ಬಚಾವಾದೆ ಅನ್ನಿಸುತ್ತಿತ್ತು. ಧೈರ್ಯ ಬೆಳೆಯಲು ಬಿಡದ ಇಂಥ ಆಸರೆಗಳಿಗೆ ಥೆರಪಿಯಲ್ಲಿ ಸೇಫ್ಟಿ ಬಿಹೇವಿಯರ್ ಅನ್ನುತ್ತಾರೆ. ಸದ್ಯಕ್ಕೆ ‘ಊರುಗೋಲು’ ಅಂತ ಹಾಕಿದ್ದೇನೆ. ಆದರೆ ಊರುಗೋಲು ನಿಜಕ್ಕೂ ಬೇಕಾದವರು ಓದಿದರೆ ನೋಯಬಹುದೇನೋ. ಈ ಎರಡಕ್ಕೂ ನಿಮ್ಮ ಮನೆಮಾತಿನಲ್ಲಿ ಏನಾದರೂ ಪದ ಇದ್ದರೆ ತಿಳಿಸಿ. ಹೊಸದಾಗಿ ಕಟ್ಟಿದ ಪದಕ್ಕಿಂತ ಅಜ್ಜಿ ಆಡುತ್ತಿದ್ದ ಪದವಾದರೆ ಇನ್ನೂ ಒಳ್ಳೆಯದು.