ತಜ್ಞರ ಟೀಕೆಯಿಂದ ನಿಮ್ಮ ಚಿತ್ರದಲ್ಲಿ ಏನು ಬದಲಾಯಿತು? ಕೊಡಗಿನ ಚಿತ್ರಕಾರರ ಅನುಭವ ಹಂಚಿಕೆ

ವಿರಾಜಪೇಟೆಯ ಸಹೋದರಿಯೊಬ್ಬರ ಪ್ರಶ್ನೆ: ನಾಲ್ಕು ವರ್ಷಗಳಿಂದ ಜಲವರ್ಣದಲ್ಲಿ ತೋಟ, ಗದ್ದೆ, ಬೆಟ್ಟಗಳನ್ನು ಚಿತ್ರಿಸುತ್ತಿದ್ದೇನೆ. ಈಚೆಗೆ ಹಿರಿಯ ಕಲಾವಿದರೊಬ್ಬರು ನನ್ನ ಹತ್ತು ಚಿತ್ರಗಳನ್ನು ನೋಡಿ, "ಎಲ್ಲವೂ ಹಸಿರು, ಯಾವುದರಲ್ಲೂ ದೂರವಿಲ್ಲ" ಎಂದರು. ಆ ಮಾತನ್ನು ಹೇಗೆ ಬಳಸಿಕೊಳ್ಳಲಿ?

ಮಡಿಕೇರಿಯಿಂದ:
ಹನ್ನೆರಡು ವರ್ಷಗಳ ಹಿಂದೆ, ರಾಜಾಸೀಟಿನಿಂದ ಕಾಣುವ ಕಣಿವೆಯ ಚಿತ್ರ ತೋರಿಸಿದಾಗ ನನಗೂ ಇದೇ ಮಾತು ಬಂದಿತ್ತು. ಪುಣ್ಯಕ್ಕೆ ಆ ಹಿರಿಯರು ಅಷ್ಟಕ್ಕೇ ಬಿಡಲಿಲ್ಲ. ಬಿಳಿ ಕಾಗದವೊಂದರಲ್ಲಿ ಕಡಲೆ ಗಾತ್ರದ ಎರಡು ತೂತು ಮಾಡಿ, ಒಂದು ಹತ್ತಿರದ ಮರದ ಮೇಲೂ ಇನ್ನೊಂದು ಕೊನೆಯ ಬೆಟ್ಟದ ಮೇಲೂ ಬರುವಂತೆ ಚಿತ್ರದ ಮೇಲಿಟ್ಟು, "ಇದರಲ್ಲಿ ಬೆಟ್ಟ ಯಾವುದು, ಹೇಳಿ" ಎಂದರು. ನನಗೆ ಹೇಳಲಾಗಲಿಲ್ಲ. ದೂರ ಹೋದಂತೆ ನಡುವಿನ ಗಾಳಿಯೂ ತೇವವೂ ಬೆಳಕನ್ನು ಚದುರಿಸುವುದರಿಂದ ನೆರಳು ತೆಳುವಾಗುತ್ತದೆ, ಹಸಿರು ನೀಲಿಯತ್ತ ವಾಲುತ್ತದೆ ಎಂಬುದನ್ನು ನಾನು ಓದಿ ತಿಳಿದಿದ್ದೆ. ಆದರೂ ಬೆಟ್ಟದ ಮೇಲೆ ಕಾಡಿದೆ ಎಂದು ಗೊತ್ತಿದ್ದುದರಿಂದ, ಕಣ್ಣಿಗೆ ಕಂಡ ಬಣ್ಣವನ್ನು ಬಿಟ್ಟು ಗೊತ್ತಿದ್ದ ಹಸಿರನ್ನೇ ಬಳಿಯುತ್ತಿದ್ದೆ.

ಹೊಸ ಚಿತ್ರಕ್ಕೆ ಕೈಹಾಕದೆ ಹಳೆಯ ದೃಶ್ಯವನ್ನೇ ಮತ್ತೆ ಬರೆಯಿರಿ, ಮೊದಲ ಸಲ ಒಂದೇ ಬಣ್ಣದಲ್ಲಿ. ದಟ್ಟ, ನಡು, ತೆಳು ಎಂಬ ಮೂರು ಹಂತಗಳು ಅದರಲ್ಲಿ ಸರಿಯಾಗಿ ಕೂತ ಮೇಲೆ, ಹತ್ತಿರದ ಮರಗಳಿಗೆ ಸ್ಯಾಪ್ ಗ್ರೀನ್ ಎಂಬ ಎಲೆಹಸಿರಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿ, ದೂರಕ್ಕೆ ಕೋಬಾಲ್ಟ್ ನೀಲಿಯನ್ನು ಧಾರಾಳ ನೀರಿನಲ್ಲಿ ಹಚ್ಚಿ ನೋಡಿ. ಮಳೆಗಾಲದಲ್ಲಿ ನಮ್ಮಲ್ಲಿ ಕಾಗದ ಬೇಗ ಒಣಗುವುದಿಲ್ಲ, ಆತುರಪಟ್ಟರೆ ಒಂದು ಪದರ ಇನ್ನೊಂದರೊಳಗೆ ಹರಿದು ಕಲೆಯಾಗುತ್ತದೆ (ನಾನೊಮ್ಮೆ ಒಲೆಯ ಬಳಿ ಹಿಡಿದು ಒಳ್ಳೆಯ ಕಾಗದವನ್ನೇ ಸೊಟ್ಟಗೆ ಮಾಡಿಕೊಂಡೆ). ಮೈಸೂರು ಸಂಸ್ಥಾನದ ಕಲಾವಿದ ಕೆ. ವೆಂಕಟಪ್ಪನವರು ಊಟಿಯಲ್ಲಿ ರಚಿಸಿದ ಜಲವರ್ಣ ನಿಸರ್ಗಚಿತ್ರಗಳ ಮುದ್ರಿತ ಪ್ರತಿಗಳು ಸಿಕ್ಕರೆ ಬಿಡುವಾಗಿ ನೋಡಿ.

ಕುಶಾಲನಗರದಿಂದ:
ಎಲ್ಲ ಟೀಕೆಯನ್ನೂ ತಲೆಯ ಮೇಲೆ ಹೊತ್ತುಕೊಳ್ಳಬೇಕಾಗಿಲ್ಲ. ಒಬ್ಬರು ನನ್ನ ಚಿತ್ರಗಳಲ್ಲಿ "ಜೀವವಿಲ್ಲ" ಎಂದಾಗ, ಯಾವ ಚಿತ್ರದ ಯಾವ ಜಾಗದಲ್ಲಿ ಎಂದು ಕೇಳಿದೆ. ಅವರು ಬೆರಳಿಟ್ಟು ತೋರಿಸಲಿಲ್ಲ. ಆರು ತಿಂಗಳು ಕುಂಚ ಮುಟ್ಟದೆ ಕೂತದ್ದಷ್ಟೇ ನನಗಾದ ನಷ್ಟ.

ಸೋಮವಾರಪೇಟೆಯಿಂದ:
ಮೇಲಿನವರ ಮಾತು ನಿಜವಾದರೂ, ನಮ್ಮ ಊರನ್ನು ಅರಿಯದವರ ಟೀಕೆಯನ್ನು ಬದಿಗೆ ಸರಿಸುವ ಮುನ್ನ ಸ್ವಲ್ಪ ತಾಳಬೇಕು. ಹೂಮಳೆ (ಕಾಫಿ ಗಿಡಗಳನ್ನು ಹೂಬಿಡಿಸುವ ಬೇಸಿಗೆಯ ಮಳೆ) ಬಿದ್ದ ಎಂಟು ಹತ್ತು ದಿನಗಳಿಗೆ ಕಾಫಿ ತೋಟ ಬೆಳ್ಳಗೆ ಅರಳುವುದನ್ನು ನಾನು ದಪ್ಪ ಬಿಳಿ ಬಣ್ಣದಲ್ಲಿ ಬರೆದಿದ್ದೆ. ಬಯಲುಸೀಮೆಯಿಂದ ಬಂದಿದ್ದ ಕಲಾ ಶಿಕ್ಷಕರು, "ಈ ಬಿಳುಪಿಗೆ ನೆರಳೇ ಇಲ್ಲವಲ್ಲ" ಎಂದರು. ಕಾಫಿ ಹೂವನ್ನೇ ಕಾಣದವರು ಇವರೇನು ಹೇಳಿಯಾರು ಎಂದು ನನಗೆ ಸಿಟ್ಟು ಬಂತು. ಮರುದಿನ ತೋಟಕ್ಕೆ ಹೋಗಿ ನೋಡಿದರೆ, ಸಿಲ್ವರ್ ಓಕ್ ಮರಗಳ ನೆರಳಿನಲ್ಲಿದ್ದ ಗೊಂಚಲುಗಳೆಲ್ಲ ಬೂದುನೀಲಿಯಾಗಿ ಕಾಣುತ್ತಿದ್ದವು. ಎಲೆಗಳ ಸಂದಿನಿಂದ ಬಿಸಿಲು ಬಿದ್ದ ಮೂರು ನಾಲ್ಕು ಕಡೆ ಮಾತ್ರ ಅಪ್ಪಟ ಬಿಳುಪಿತ್ತು. ಮುಂದಿನ ಮಾರ್ಚ್‌ನಲ್ಲಿ ಅದೇ ಸಾಲನ್ನು ಮತ್ತೆ ಬರೆದೆ. ಬಿಳಿ ಬಣ್ಣದ ಟ್ಯೂಬನ್ನು ತೆರೆಯಲೇ ಇಲ್ಲ, ಆ ಮೂರು ನಾಲ್ಕು ಕಡೆ ಕಾಗದವನ್ನು ಹಾಗೆಯೇ ಬಿಟ್ಟೆ.